ಒತ್ತಕ್ಷರದ ಕೀಲಿ

ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ಎಷ್ಟು ದೂರ ನಡೆಯಬಹುದೆಂಬುದನ್ನು ಪರೀಕ್ಷಿಸಿ ನೋಡುವ ಸಂದರ್ಭವು ಸಾಮಾನ್ಯವಾಗಿ ಯಾರಿಗೂ ಒದಗುವುದಿಲ್ಲ. ತುಮಕೂರಿನ ಒಬ್ಬ ನಿವೃತ್ತ ಕನ್ನಡ ಪಂಡಿತರಿಗೆ 2023ರ ಆಷಾಢಮಾಸದಲ್ಲಿ, ಅವರು ಬೇಡದೆಯೇ, ಅದು ಒದಗಿಬಂದಿತು. ಅವರ ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ ‘ಎಫ್’ ಎಂಬ ಇಂಗ್ಲಿಷ್ ಅಕ್ಷರವನ್ನು ತಲೆಯ ಮೇಲೆ ಹೊತ್ತ ಕೀಲಿಯೊಂದು ಕೆಲಸ ನಿಲ್ಲಿಸಿತು.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಆ ಕೀಲಿ ಹೋದರೆ ಇಪ್ಪತ್ತಾರರಲ್ಲಿ ಒಂದು ಅಕ್ಷರ ಹೋದಂತೆ. ಕನ್ನಡಿಗರ ಪಾಡು ಬೇರೆ. ಕೆ. ಪಿ. ರಾವ್ ಅವರು ಕಲ್ಪಿಸಿದ, ಸಣ್ಣಪುಟ್ಟ ಮಾರ್ಪಾಟುಗಳೊಡನೆ ನಮ್ಮ ರಾಜ್ಯ ಸರಕಾರವೂ ಅಂಗೀಕರಿಸಿದ ಕೀಲಿ ವಿನ್ಯಾಸದಲ್ಲಿ, ವ್ಯಂಜನದಿಂದ ಅಕಾರವನ್ನು ಕಳೆದು ಅದನ್ನು ಮುಂದಿನ ವ್ಯಂಜನಕ್ಕೆ ಬೆಸೆಯುವ ಭಾರವೆಲ್ಲ ಈ ಒಂದು ಕೀಲಿಯ ಮೇಲೆ ಬಿದ್ದಿದೆ. ಇಷ್ಟು ಕಡಮೆ ಕೀಲಿಗಳಲ್ಲಿ ಕನ್ನಡದ ಅಷ್ಟೂ ಸಂಯುಕ್ತಾಕ್ಷರಗಳನ್ನು ಅಡಗಿಸಿದ ಆ ಯೋಜನೆಯ ಜಾಣ್ಮೆಯನ್ನು ಮೆಚ್ಚದವರಿಲ್ಲ. ಆದರೆ ಬೆಸೆಯುವ ಕೀಲಿಯೇ ಮುರಿದರೆ ಬೆಸುಗೆಯೆಲ್ಲ ಒಮ್ಮೆಗೇ ಬಿಟ್ಟುಹೋಗುತ್ತದೆ. ‘ಕನ್ನಡ’ ಎಂದು ಬರೆಯಹೋದರೆ ‘ಕನನಡ’ ಆಗುತ್ತದೆ. ‘ಅಮ್ಮ’ ‘ಅಮಮ’ ಆಗುತ್ತಾಳೆ. ಇವನ್ನಾದರೂ ಓದುಗರು ಊಹಿಸಿಕೊಂಡಾರು. ‘ನಮ್ಮ ಪ್ರದೇಶ’ವು ‘ನಮಮ ಪರದೇಶ’ವಾಗಿ, ‘ಪ್ರವಾಸ’ವು ‘ಪರವಾಸ’ವಾಗಿ ನಿಂತಾಗ ಊಹೆಗೂ ಎಡೆ ಉಳಿಯುವುದಿಲ್ಲ.

ಮೇಷ್ಟರು ಬರೆಯುತ್ತಿದ್ದುದು ಸ್ವಂತ ಕೃತಿಯನ್ನಲ್ಲ. ಅವರ ಅಕ್ಕಯ್ಯನಿಗೆ ಆಗ ಎಂಬತ್ತೆಂಟು ವರ್ಷ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿ ಶಾಲೆಗೆ ಕಳುಹಿಸಿದವರು ಆಕೆಯೇ. ಕಣ್ಣು ಮಂದವಾಗಿತ್ತು, ಕಿವಿ ಪರವಾಗಿಲ್ಲ, ಕಂಠದಲ್ಲಿ ಮಾತ್ರ ಹಸೆಯ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು ಎಂದು ಇನ್ನೂರಕ್ಕೆ ಕಡಮೆಯಿಲ್ಲದೆ ತುಂಬಿದ್ದವು. ತಾಯಿಯಿಂದ ಕಲಿತ ಈ ಹಾಡುಗಳನ್ನು ಆಕೆ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಹಿಂದಿನ ದೀಪಾವಳಿಯ ಹೊತ್ತಿಗೆ ಮಾತಿನ ನಡುವೆ ಒಂದೊಂದು ಹೆಸರು ಜಾರತೊಡಗಿದ್ದನ್ನು ಮನೆಯವರು ಗಮನಿಸಿದರು. ವೈದ್ಯರು ಹೇಳಬೇಕಾದುದನ್ನು ಹೇಳಿದರು. ಅಂದಿನಿಂದ ಪ್ರತಿದಿನ ಬೆಳಗ್ಗೆ ಕಾಫಿಯಾದ ಮೇಲೆ ಒಂದು ಗಂಟೆ ಅಕ್ಕಯ್ಯ ಹಾಡುವುದೂ ತಮ್ಮ ಎದುರು ಕುಳಿತು ಟೈಪು ಮಾಡುವುದೂ ನಿಯಮವಾಯಿತು. ಕಾಗದದ ಮೇಲೆ ಬರೆಯಬಹುದಾಗಿತ್ತಲ್ಲ ಎಂದರೆ, ಮೇಷ್ಟರ ಬಲಗೈಗೆ ನಾಲ್ಕು ವರ್ಷಗಳಿಂದ ನಡುಕ ಹತ್ತಿತ್ತು. ಲೇಖನಿ ಹಿಡಿದರೆ ಬರೆದದ್ದು ಬರೆದವರಿಗೇ ತಿಳಿಯದು. ಒಂದೊಂದೇ ಕೀಲಿಯನ್ನು ಒತ್ತುವ ಕೆಲಸಕ್ಕೆ ಮಾತ್ರ ಆ ಕೈ ಒಗ್ಗಿಕೊಂಡಿತ್ತು.

ಮೊಬೈಲಿನಲ್ಲಿ ಧ್ವನಿಯನ್ನೇ ಹಿಡಿದಿಡಬಾರದೇಕೆ ಎಂದು ಮೊಮ್ಮಗ ಕೇಳಿದ, ಹಿಡಿದೂ ನೋಡಿದ. ಯಂತ್ರದ ಮುಂದೆ ಅಕ್ಕಯ್ಯ ಎರಡು ಸಾಲು ಹಾಡಿ ಸುಮ್ಮನಾಗುವರು. ಹಲ್ಲು ಬಿದ್ದ ಬಾಯಿಂದ ಹೊರಟ ಶಬ್ದವು ಆಮೇಲೆ ಕೇಳುವಾಗ ‘ಮುತ್ತು’ ಎಂದೂ ಆಗಬಹುದು, ‘ಮತ್ತೆ’ ಎಂದೂ ಆಗಬಹುದು. ಎದುರಿಗೆ ಕೇಳುವ ಮನುಷ್ಯನಿದ್ದು, “ಅದು ಹಾಗಲ್ಲ ಕಣೋ ಪುಟ್ಟ, ಹೀಗೆ” ಎಂದು ತಿದ್ದುವ ಅವಕಾಶವಿದ್ದರೆ ಮಾತ್ರ ಆಕೆಗೆ ಹಾಡು ಸರಾಗವಾಗಿ ಬರುತ್ತಿತ್ತು.

ಕೀಲಿಯ ರೋಗವು ಒಂದೇ ದಿನದಲ್ಲಿ ಬಂದುದಲ್ಲ. ಮೊದಲು ಗಟ್ಟಿಯಾಗಿ ಒತ್ತಿದರೆ ಮಾತ್ರ ಓಗೊಡುತ್ತಿತ್ತು. ಬಳಿಕ ಮೂರು ಸಲಕ್ಕೆ ಒಂದು ಸಲ. ಅದಾದ ಮೇಲೆ ಇನ್ನೂ ವಿಚಿತ್ರ: ಕರೆದಾಗ ಬಾರದ ಅತಿಥಿ ಕರೆಯದಾಗ ಬಂದು ಕೂರುವಂತೆ, ಯಾರೂ ಮುಟ್ಟದಿದ್ದರೂ ತಾನೇ ಒತ್ತಿಕೊಂಡು, ‘ಮನೆ’ಯನ್ನು ‘ಮ್ನೆ’ ಎಂದೂ ‘ಕತೆ’ಯನ್ನು ‘ಕ್ತೆ’ ಎಂದೂ ಮಾಡಿಡುತ್ತಿತ್ತು. ಪೇಟೆಯಿಂದ ಆರುನೂರು ರೂಪಾಯಿಗೆ ಬೇರೊಂದು ಕೀಲಿಮಣೆಯನ್ನು ತಂದು ತಂತಿಯಿಂದ ಜೋಡಿಸಿದ್ದಾಯಿತು. ಒಳಗಿನದು ತನ್ನ ಚೇಷ್ಟೆಯನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಾಗಿದ್ದ ಮಗಳು ದೂರದಿಂದಲೇ ‘ಎಫ್’ ಕೀಲಿಯನ್ನು ನಿಷ್ಕ್ರಿಯಗೊಳಿಸಿ ಒತ್ತಕ್ಷರದ ಕೆಲಸವನ್ನು ಬೇರೊಂದು ಕೀಲಿಗೆ ವಹಿಸಿಕೊಟ್ಟಳು. ಉಪಾಯವೇನೋ ಒಳ್ಳೆಯದೇ. ಆದರೆ ಇಪ್ಪತ್ತು ವರ್ಷ ಎಡಗೈಯ ತೋರುಬೆರಳು ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ ಹೋಗುತ್ತಿತ್ತು. ಅಷ್ಟರಲ್ಲಿ ನೆರೆಯ ‘ದ’ಕಾರ ‘ಗ’ಕಾರಗಳಿಗೂ ಅದೇ ಗಾಳಿ ಸೋಕಿತು.

ಈ ಕೀಲಿಗಳ ಒಳರಚನೆ ಬಲು ಸರಳವಾದುದು. ಕೀಲಿಯ ಮುಚ್ಚಳದ ಕೆಳಗೆ ಕತ್ತರಿಯಂತೆ ಹೆಣೆದ ಎರಡು ಪುಟ್ಟ ಕಡ್ಡಿಗಳು. ಅವುಗಳ ನಡುವೆ ಬಟ್ಟಲು ಕವುಚಿದಂತೆ ಒಂದು ರಬ್ಬರಿನ ಗುಮ್ಮಟ. ಅದರಡಿ ವಿದ್ಯುತ್ತು ಹರಿಯುವ ಗೆರೆಗಳನ್ನು ಮುದ್ರಿಸಿದ ತೆಳುವಾದ ಹಾಳೆಗಳು. ಬೆರಳು ಒತ್ತಿದಾಗ ಗುಮ್ಮಟ ಕುಸಿದು ಮೇಲಿನ ಹಾಳೆಯ ಗೆರೆ ಕೆಳಗಿನದನ್ನು ಮುಟ್ಟುತ್ತದೆ. ಅಡ್ಡಸಾಲು ಉದ್ದಸಾಲುಗಳ ಈ ಜಾಲದಲ್ಲಿ ಯಾವ ಎರಡು ಗೆರೆಗಳು ಕೂಡಿದವೆಂದು ಯಂತ್ರವು ಕ್ಷಣಕ್ಷಣವೂ ಪರೀಕ್ಷಿಸುತ್ತಿರುತ್ತದೆ. ಒಂದು ಗೆರೆ ಸವೆದರೆ ಅದಕ್ಕೆ ಸೇರಿದ ಕೀಲಿಗಳೆಲ್ಲ ಒಂದರ ಹಿಂದೊಂದು ಮಂಕಾಗುವುದುಂಟು. ಆ ಹಾಳೆಯ ಬೆಲೆ ಅತ್ಯಲ್ಪ. ಅದನ್ನು ತಲಪುವ ದಾರಿಯೇ ದುಬಾರಿ. ಏಕೆಂದರೆ ಯಂತ್ರವು ತೆಳ್ಳಗಿರಬೇಕೆಂಬ ಹಟದಿಂದ ಈಗ ಎಷ್ಟೋ ಮಾದರಿಗಳಲ್ಲಿ ಕೀಲಿಮಣೆಯನ್ನು ತಿರುಪಿನಿಂದ ಕೂಡಿಸದೆ, ಪ್ಲಾಸ್ಟಿಕ್ ಮೊಳೆಗಳನ್ನು ಕರಗಿಸಿ ಮೇಲುಗವಚಕ್ಕೆ ಅಂಟಿಸಿಬಿಡುತ್ತಾರೆ.

ಮಾರಿದ ಸಂಸ್ಥೆಯ ಅಧಿಕೃತ ದುರಸ್ತಿ ಕೇಂದ್ರದಲ್ಲಿ ಯಂತ್ರವನ್ನು ಒಪ್ಪಿಸಿದ್ದು ಒಂದು ಸೋಮವಾರ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಖಾತರಿಯ ಅವಧಿ ಮುಗಿದು ಎಂಟು ತಿಂಗಳಾಗಿತ್ತು. ಊರಿನ ಕೇಂದ್ರದವರು ಅದನ್ನು ಬೆಂಗಳೂರಿಗೆ ಕಳುಹಿಸಿದರು. ಆಮೇಲೆ ಮೇಷ್ಟರಿಗೆ ದಿನಕ್ಕೊಂದು ಸಂದೇಶ: ತಮ್ಮ ಯಂತ್ರವು ಸ್ವೀಕೃತವಾಗಿದೆ, ತಮ್ಮ ಯಂತ್ರವು ಪರಿಶೀಲನೆಯಲ್ಲಿದೆ, ತಾವು ನಮ್ಮ ಸೇವೆಗೆ ಎಷ್ಟು ನಕ್ಷತ್ರಗಳನ್ನು ಕೊಡುವಿರಿ? ಹನ್ನೊಂದನೆಯ ದಿನ ದೂರವಾಣಿಯಲ್ಲಿ ಒಬ್ಬ ಯುವಕ ಬಲು ವಿನಯದಿಂದ, “ಸರ್, ಒಳಗೆ ನೀರು ಬಿದ್ದಿದೆ” ಎಂದನು. ಮೇಷ್ಟರ ಜೀವಮಾನದಲ್ಲಿ ಅವರನ್ನು ಸುಳ್ಳುಗಾರರೆಂದವರಿಲ್ಲ. ಲ್ಯಾಪ್‌ಟಾಪಿಗೆ ಹಳೆಯ ಪಂಚೆಯ ಹೊದಿಕೆ ಹಾಕಿ, ಕಾಫಿಯ ಲೋಟವನ್ನು ಇನ್ನೊಂದು ಕೋಣೆಯಲ್ಲಿ ಬಿಟ್ಟು ಬರುತ್ತಿದ್ದವರು ಅವರು. “ನೀರಲ್ಲಪ್ಪ, ಒಂದು ಹನಿ ಬೆವರೂ ಬಿದ್ದಿಲ್ಲ” ಎಂದರು. ಆ ಯುವಕನು ಮತ್ತಷ್ಟು ವಿನಯದಿಂದ ಲೆಕ್ಕ ಹೇಳಿದನು: ಕೀಲಿಮಣೆಯನ್ನು ಮಾತ್ರ ಬದಲಿಸಲು ಬರುವುದಿಲ್ಲ, ಮೇಲುಗವಚವನ್ನು ಇಡಿಯಾಗಿ ಬದಲಿಸಬೇಕು, 14,500 ರೂಪಾಯಿ, ಬಿಡಿಭಾಗ ಬರಲು ಇನ್ನೂ ಮೂರು ವಾರ. ಯಂತ್ರವನ್ನು ಕೊಂಡದ್ದೇ 52,000ಕ್ಕೆ. ಒಲ್ಲೆನೆಂದರೆ ಪರಿಶೀಲನೆಯ ಶುಲ್ಕ 500, ತೆರಿಗೆ 90. ಮೇಷ್ಟರು ಒಲ್ಲೆನೆಂದರು. ಹತ್ತೊಂಬತ್ತನೆಯ ದಿನ ಯಂತ್ರವು ಹೋದಂತೆಯೇ ಹಿಂದಿರುಗಿತು.

ತಂದೆಯ ಕೋಪವನ್ನು ತಣಿಸಲು ಮಗಳು ಒಂದು ದೊಡ್ಡವರ ಮನೆಯ ಕತೆಯನ್ನು ಹೇಳಿದಳು. ಅದು ಲೋಕವೆಲ್ಲ ಬಲ್ಲ ಕತೆ. ಆಪಲ್ ಸಂಸ್ಥೆಯು 2015ರಲ್ಲಿ ಹನ್ನೆರಡು ಅಂಗುಲದ ಮ್ಯಾಕ್‌ಬುಕ್ಕಿಗೆ ಕತ್ತರಿಕೀಲಿಯನ್ನು ಬಿಟ್ಟು ಚಿಟ್ಟೆಯ ರೆಕ್ಕೆಯಂತೆ ಮಡಿಚುವ ಹೊಸ ಕೀಲಿಯನ್ನು ಅಳವಡಿಸಿತು. ಹಳೆಯದಕ್ಕಿಂತ ಅದು ನೂರಕ್ಕೆ ನಲವತ್ತರಷ್ಟು ತೆಳುವೆಂದು ಸಾರಿತು. ಮರುವರ್ಷ ಅದು ಮ್ಯಾಕ್‌ಬುಕ್ ಪ್ರೋಗೂ ಬಂದಿತು. ಸುಮಾರು ಅರ್ಧ ಮಿಲಿಮೀಟರಿನಷ್ಟೇ ಇಳಿಯುವ ಆ ಕೀಲಿಗೆ ಒಂದು ಧೂಳಿನ ಕಣವೇ ಶತ್ರುವಾಯಿತು: ಕೆಲವು ಅಕ್ಷರ ಬಾರದೆ ಹೋದುವು, ಕೆಲವು ಎರಡೆರಡು ಸಲ ಬಂದುವು. ಯಂತ್ರವನ್ನು 75 ಡಿಗ್ರಿ ವಾಲಿಸಿ ಹಿಡಿದು ಒತ್ತಡದ ಗಾಳಿಯನ್ನು ಎಡದಿಂದ ಬಲಕ್ಕೆ ಹಾಯಿಸಬೇಕೆಂದು ಸಂಸ್ಥೆಯವರು ಸಲಹೆ ಕೊಟ್ಟರು. ಸಾವಿರಾರು ಡಾಲರು ತೆತ್ತು ಕೊಂಡ ವಸ್ತುವಿಗೆ ಮನೆಯಲ್ಲಿಯೇ ಈ ಉಪಚಾರ! ಕೀಲಿಮಣೆ, ಬ್ಯಾಟರಿ, ಮೇಲುಗವಚ ಮೂರೂ ಒಂದೇ ಮುದ್ದೆಯಾಗಿದ್ದುದರಿಂದ ಒಂದು ಅಕ್ಷರದ ರೋಗಕ್ಕೆ ಅರ್ಧ ಯಂತ್ರವನ್ನೇ ಬದಲಿಸಬೇಕಾಗಿತ್ತು. 2018ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ಜೂನಿನಲ್ಲಿ ಸಂಸ್ಥೆಯು, ಕೊಂಡ ದಿನದಿಂದ ನಾಲ್ಕು ವರ್ಷದವರೆಗೆ ಉಚಿತವಾಗಿ ದುರಸ್ತಿ ಮಾಡಿಕೊಡುವುದಾಗಿ ಪ್ರಕಟಿಸಿತು. ಜುಲೈಯಲ್ಲಿ ಕೀಲಿಯ ಕೆಳಗೆ ಸಿಲಿಕೋನಿನ ತೆಳುಪೊರೆಯನ್ನಿಟ್ಟ ಹೊಸ ಮಾದರಿಯನ್ನು ಹೊರಡಿಸಿತು. ದೂರು ನಿಲ್ಲಲಿಲ್ಲ. 2019ರ ಮಾರ್ಚಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಜೊಆನಾ ಸ್ಟರ್ನ್ ಎಂಬ ಅಂಕಣಕಾರ್ತಿ, ತನ್ನ ಯಂತ್ರದಲ್ಲಿ ಕೈಕೊಟ್ಟ ‘ಇ’ ಮತ್ತು ‘ಆರ್’ ಅಕ್ಷರಗಳಿಲ್ಲದೆಯೇ ತನ್ನ ಲೇಖನವನ್ನು ಓದುಗರ ಮುಂದಿಟ್ಟಳು. ಅದೇ ವರ್ಷದ ನವೆಂಬರಿನಲ್ಲಿ ಹದಿನಾರು ಅಂಗುಲದ ಮಾದರಿಗೆ ಕತ್ತರಿಕೀಲಿ ಹಿಂದಿರುಗಿತು. 2020ರ ಮೇ ಹೊತ್ತಿಗೆ ಚಿಟ್ಟೆ ಪೂರ್ತಿಯಾಗಿ ಹಾರಿಹೋಯಿತು. 2022ರಲ್ಲಿ ಐದು ಕೋಟಿ ಡಾಲರಿಗೆ ರಾಜಿಯಾಯಿತು. ಎರಡು ಅಥವಾ ಹೆಚ್ಚು ಸಲ ಮೇಲುಗವಚ ಬದಲಿಸಿಕೊಂಡವರಿಗೆ 395 ಡಾಲರಿನವರೆಗೆ ಪರಿಹಾರ. ಅದೂ ಅಮೆರಿಕದ ಏಳು ರಾಜ್ಯಗಳಲ್ಲಿ ಕೊಂಡವರಿಗೆ ಮಾತ್ರ. ಬೆಂಗಳೂರಿನಲ್ಲಿ ಅದೇ ಯಂತ್ರವನ್ನು ಕೊಂಡು ಅದೇ ಕಷ್ಟಪಟ್ಟ ಮಗಳ ಸಹೋದ್ಯೋಗಿಗಳಿಗೆ ಆ ಹಣದಲ್ಲಿ ಬಿಡಿಗಾಸೂ ಬರಲಿಲ್ಲ.

“ಅಂಥವರಿಗೇ ಹಾಗಾಯಿತು ಅಣ್ಣ” ಎಂದಳು ಮಗಳು. ಅದು ತಂದೆಯನ್ನು ಅಣ್ಣನೆಂದು ಕರೆಯುವ ವಾಡಿಕೆಯ ಮನೆ. ಮೇಷ್ಟರಿಗೆ ಸಮಾಧಾನವೇನೂ ಆಗಲಿಲ್ಲ. ಅಲ್ಲಿ ಏಳು ರಾಜ್ಯಗಳ ಜನ ಒಟ್ಟುಗೂಡಿ ಕೇಳಿದರು. ಇಲ್ಲಿ ಒಬ್ಬ ಮುದುಕನು 590 ರೂಪಾಯಿ ತೆತ್ತು ಸುಮ್ಮನಾದನು. ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿತ್ತು, ಜಾಲತಾಣವನ್ನೂ ತೆರೆದಿತ್ತು. ಮಗಳು ಅದನ್ನೂ ತೋರಿಸಿದಳು. ಅವರಿಗೆ ನೆನಪಾದುದು ತಾವು ಹುಡುಗರಾಗಿದ್ದಾಗ ಟೈಪು ಕಲಿತ ಶಾಲೆ. ಅಲ್ಲಿ ಅಕ್ಷರದ ತೋಳೊಂದು ಬಾಗಿದರೆ ಬೀದಿಯ ಮೂಲೆಯ ಮೆಕ್ಯಾನಿಕ್ಕು ಎಣ್ಣೆಯ ಡಬ್ಬಿ, ಚಿಮುಟ ಹಿಡಿದು ಬಂದು, ಎಲ್ಲರೆದುರಿಗೆ ನೆಟ್ಟಗೆ ಮಾಡಿ ಎಂಟಾಣೆ ಪಡೆದು ಹೋಗುತ್ತಿದ್ದ. ಆ ಯಂತ್ರಗಳು ಕೆಡುತ್ತಿರಲಿಲ್ಲವೆಂದಲ್ಲ, ಬಹಳ ಕೆಡುತ್ತಿದ್ದುವು. ಆದರೆ ಕೆಟ್ಟದ್ದು ಯಾವುದೆಂದು ಕಣ್ಣಿಗೆ ಕಾಣುತ್ತಿತ್ತು. ನೀರು ಬಿದ್ದಿದೆಯೆಂದು ಯಾರೂ ಸುಳ್ಳು ಹೇಳುವಂತಿರಲಿಲ್ಲ.

ಒಂದು ಶನಿವಾರ ತಂದೆ ಮಗಳಿಬ್ಬರೂ ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋದರು. ಆ ಇಕ್ಕಟ್ಟಾದ ಬೀದಿಯಲ್ಲಿ ಗಣಕಯಂತ್ರದ ಯಾವ ಅವಯವವೂ ದೊರೆಯುತ್ತದೆಂಬ ಮಾತು ಸುಳ್ಳಲ್ಲ. ಮಹಡಿಯ ಮೇಲಿನ ಗೂಡಿನಂಥ ಅಂಗಡಿಯಲ್ಲಿ ಕುಳಿತಿದ್ದ ತರುಣನು ಯಂತ್ರವನ್ನು ಬಿಚ್ಚಿ ಮೇಷ್ಟರ ಕಡೆಗೇ ತಿರುಗಿಸಿ ಇಟ್ಟನು. “ನೀರೆಲ್ಲಿ ಬಿದ್ದಿದೆ ಸಾರ್? ಒಣಗಿದೆ ನೋಡಿ. ಹಾಳೆ ಸವೆದಿದೆ, ಅಷ್ಟೇ” ಎಂದನು. ಅರುವತ್ತಕ್ಕೂ ಹೆಚ್ಚಿನ ಪ್ಲಾಸ್ಟಿಕ್ ಮೊಳೆಗಳ ತಲೆಯನ್ನು ಒಂದೊಂದಾಗಿ ಕೆತ್ತಿ, ಹಳೆಯ ಕೀಲಿಮಣೆಯನ್ನು ಎಬ್ಬಿಸಿ, ಹೊಸದನ್ನಿಟ್ಟು, ಬಿಸಿ ಸಲಾಕೆಯಿಂದ ಮೊಳೆಗಳನ್ನು ಮತ್ತೆ ಕರಗಿಸಿ ಕೂಡಿಸಿದನು. ಎರಡು ಗಂಟೆಯ ಕೆಲಸ, 2,200 ರೂಪಾಯಿ. ಖಾತರಿ ಎಷ್ಟು ದಿನವೆಂದು ಕೇಳಿದ್ದಕ್ಕೆ, “ನಾನು ಇಲ್ಲೇ ಇರ್ತೀನಿ ಸಾರ್” ಎಂದನು. ಮೇಷ್ಟರು ಅಲ್ಲಿಯೇ ಕುಳಿತು ‘ಅಕ್ಕ’ ಎಂದು ಒತ್ತಿ ನೋಡಿದರು. ಸರಿಯಾಗಿ ಬಂದಿತು.

ಯಂತ್ರವಿಲ್ಲದ ಹತ್ತೊಂಬತ್ತು ದಿನಗಳಲ್ಲಿ ಬೆಳಗಿನ ಪಾಠ ನಿಂತಿರಲಿಲ್ಲ. ವಿದ್ಯುತ್ತು ಹೋದ ಒಂದು ರಾತ್ರಿಯಂತೂ ಅಕ್ಕಯ್ಯ ಅದುವರೆಗೆ ಹಾಡದಿದ್ದ ತೊಟ್ಟಿಲ ಹಾಡೊಂದನ್ನು ಮೊದಲಿನಿಂದ ಕೊನೆಯವರೆಗೆ ಎಡವದೆ ಹಾಡಿದ್ದರು. ಮೇಷ್ಟರು ಮೇಣದಬತ್ತಿಯ ಬೆಳಕಿನಲ್ಲಿ, ನಡುಗುವ ಕೈಯಿಂದಲೇ, ನೋಟುಪುಸ್ತಕದ ಮೂರು ಪುಟಗಳಲ್ಲಿ ಅದನ್ನು ಬರೆದುಕೊಂಡಿದ್ದರು.

ಅಧಿಕ ಶ್ರಾವಣದ ಒಂದು ಬೆಳಗ್ಗೆ ಆ ಪುಟಗಳನ್ನು ತೆರೆದು ಭೂತಗನ್ನಡಿ ಹಿಡಿದು ಕುಳಿತರು. ಮೊದಲಿನ ಎರಡು ನುಡಿಗಳು ತಿಳಿದುವು. ಮುಂದೆ ಗೆರೆಗಳು ಒಂದರ ಮೇಲೊಂದು ಬಿದ್ದಿದ್ದುವು. ಅಕ್ಕಯ್ಯನನ್ನು ಹಾಡಿಸಿ ನೋಡಿದರು. ಆಕೆ ಎರಡು ನುಡಿ ಹಾಡಿ, ಮೂರನೆಯದಕ್ಕೆ ಆರತಿಯ ಹಾಡಿಗೆ ಹೊರಳಿಕೊಂಡರು. ಇನ್ನೊಮ್ಮೆ ಹಾಡಿಸಿದರೂ ಹಾಗೆಯೇ. ಮೇಷ್ಟರು ಕಾಗದದ ಮೇಲಿನ ಒಂದು ಪದಕ್ಕೆ ಬೆರಳಿಟ್ಟು, “ಇದು ‘ಕಟ್ಟಿ’ಯೋ ‘ಕಟ್ಟೆ’ಯೋ ಅಕ್ಕಯ್ಯ?” ಎಂದು ಕೇಳಿದರು.

ಅಕ್ಕಯ್ಯ ಸ್ವಲ್ಪ ಹೊತ್ತು ಯೋಚಿಸಿದರು.

“ನಂಗೇನು ಗೊತ್ತೋ ಪುಟ್ಟ, ಅಮ್ಮನ್ನ ಕೇಳು. ಒಳಗಿದ್ದಾಳೆ” ಎಂದರು.

ಮೇಷ್ಟರು ಎರಡು ಪದಗಳನ್ನೂ ಟೈಪು ಮಾಡಿ, ಎದುರಿಗೆ ಒಂದು ಪ್ರಶ್ನೆಯ ಚಿಹ್ನೆಯನ್ನಿಟ್ಟರು.