ಕೈ ಆಡ್ತವೆ, ಕಾಲು ಏಳ್ತಿಲ್ಲ

ನಮ್ಮ ಮನೆಯಲ್ಲಿ ಲೆಕ್ಕವೆಲ್ಲ ‘ತೇರು ಬಿದ್ದ ವರ್ಷ’ದಿಂದ ಹಿಂದಕ್ಕೋ ಮುಂದಕ್ಕೋ ನಡೆಯುತ್ತದೆ. ಕೊಟ್ಟೂರೇಶ್ವರನ ತೇರು ಜನಜಂಗುಳಿಯ ನಡುವೆ ವಾಲಿ ಉರುಳಿದ್ದು 2017ರ ಫೆಬ್ರವರಿ 21ರಂದು. ಅದೇ ವರ್ಷದ ಮೇ ತಿಂಗಳಲ್ಲಿ ನನ್ನ ತಮ್ಮನ ಜೆಸಿಬಿ ಕೂಡ್ಲಿಗಿ ಕಡೆಯ ಒಂದು ಕೆರೆಯಂಗಳದಲ್ಲಿ ನಿಂತುಬಿಟ್ಟಿತು. ಅದು ಸೆಕೆಂಡ್ ಹ್ಯಾಂಡ್ ಗಾಡಿ. ಕೊಂಡವನು ತಮ್ಮ, ಸಾಲಕ್ಕೆ ಜಾಮೀನು ರುಜು ಹಾಕಿದವನು ನಾನು. ಹಾಗಾಗಿ ಅದು ಎಲ್ಲಿ ಕೆಮ್ಮಿದರೂ ನೆಗಡಿ ನನಗೇ.

ಫೋನು ಮಾಡಿದ ಹುಡುಗ ಹರಪನಹಳ್ಳಿ ಕಡೆಯ ತಾಂಡಾದವನು, ನಮ್ಮ ಆಪರೇಟರ್. “ಸರ್, ಕೈ ಆಡ್ತವೆ, ಕಾಲು ಏಳ್ತಿಲ್ಲ” ಅಂದ. ಗಾಬರಿಯಾಯಿತು. ಯಾರಿಗೋ ಪಾರ್ಶ್ವವಾಯು ಹೊಡೆದಿದೆ ಅಂದುಕೊಂಡೆ. ಹೊಡೆದದ್ದು ಗಾಡಿಗೆ. ಮುಂದಿನ ಬಕೆಟ್ ಏಳುತ್ತದೆ, ಹಿಂದಿನ ಕೈ ಮಣ್ಣು ತೋಡುತ್ತದೆ, ಎಂಜಿನ್ನು ಗುಡುಗುತ್ತದೆ. ಫಾರ್ವರ್ಡ್ ಹಾಕಿದರೆ ಮುಂದಿಲ್ಲ, ರಿವರ್ಸ್ ಹಾಕಿದರೆ ಹಿಂದಿಲ್ಲ.

ನಾನು, ತಮ್ಮ ಹೋಗಿ ನೋಡುವಷ್ಟರಲ್ಲಿ ಗೋಡುಮಣ್ಣಿಗೆ ಬಂದ ಟ್ರ್ಯಾಕ್ಟರುಗಳು ಏರಿಯವರೆಗೂ ಸಾಲುಗಟ್ಟಿದ್ದವು. ಮಳೆಗೆ ಮುಂಚೆ ಹೂಳು ಹೊಲಕ್ಕೆ ಬಿದ್ದರೆ ಗೊಬ್ಬರ, ಮಳೆ ಬಿದ್ದ ಮೇಲೆ ಬರೀ ರಾಡಿ. ರೈತರು ನಮ್ಮನ್ನು ನೋಡುತ್ತಿದ್ದ ರೀತಿ, ಮದುವೆ ಊಟದ ಪಂಕ್ತಿಯಲ್ಲಿ ಸಾರು ಮುಗಿದಾಗ ಬಡಿಸುವವನನ್ನು ನೋಡುವ ರೀತಿ. ದಾರಿ ಬಿಡಬೇಕಲ್ಲ, ಹುಡುಗ ಸೀಟು ತಿರುಗಿಸಿ ಕೂತ. ಹಿಂದಿನ ಬಕೆಟ್ಟನ್ನು ನೆಲಕ್ಕೂರಿ ನೂಕಿದ, ಎತ್ತಿ ಮತ್ತೆ ಊರಿದ, ಮತ್ತೆ ನೂಕಿದ. ಮೊಣಕೈಯಲ್ಲಿ ತೆವಳುವ ಕೂಸಿನಂತೆ ಅಷ್ಟು ಟನ್ ತೂಕದ ಗಾಡಿ ಅಂಗುಲ ಅಂಗುಲವಾಗಿ ಒಂದು ಬದಿಗೆ ಸರಿಯಿತು. ಅದನ್ನು ನೋಡಲು ಊರ ಮಕ್ಕಳೆಲ್ಲ ಏರಿಯ ಮೇಲೆ ಹಾಜರ್. ಜೆಸಿಬಿ ಅಗೆಯುವುದನ್ನು ಕೆಲಸ ಬಿಟ್ಟು ನಿಂತು ನೋಡುವುದು ಈ ದೇಶದ ಚಟ ಅಂತ ಮೊಬೈಲುಗಳೆಲ್ಲ ಕಂಡುಹಿಡಿದು ನಕ್ಕಿದ್ದು 2019ರಲ್ಲಿ. ನಮ್ಮ ಸೀಮೆಗೆ ಅದು ಹಳೆಯ ಸುದ್ದಿ.

ಕರೆಸಿದ ಮೊದಲನೇ ಮೆಕ್ಯಾನಿಕ್ಕು ಬಾನೆಟ್ಟು ಕೂಡ ಎತ್ತಲಿಲ್ಲ. “ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಪ್ಯಾಕ್ ಹೋಗಿರ್ತವೆ, ಕನ್ವರ್ಟರೂ ಹೋಗಿರಬಹುದು” ಅಂದು, ಲಕ್ಷದ ಮೇಲಿನ ಒಂದು ಅಂಕಿ ಹೇಳಿದ. ತಮ್ಮ ನೆಲಕ್ಕೆ ಕೂತ. ನಾನು ಮನಸ್ಸಿನಲ್ಲೇ ನನ್ನ ಪಿಎಫ್ ಕೂಡಿ ಕಳೆದೆ.

ರಾತ್ರಿ ಊಟದ ಹೊತ್ತಿಗೆ ಅಪ್ಪ ಕೇಳಿದರು: “ಜತ್ತಿಗಿ ನೋಡಿದ್ರೇನೋ?”

ಎಂಬತ್ತು ದಾಟಿದವರು. ನೊಗಕ್ಕೆ ಎತ್ತಿನ ಕೊರಳು ಕಟ್ಟುವ ಪಟ್ಟಿಗೆ ಜತ್ತಿಗಿ ಅನ್ನುತ್ತಾರೆ. ಎತ್ತು ನಿಂತರೆ ಬಾರುಕೋಲು ಎತ್ತುವ ಮೊದಲು ಜತ್ತಿಗಿ ನೋಡು, ಆಮೇಲೆ ಕೊರಳು, ಆಮೇಲೆ ಗೊರಸು, ಆಮೇಲೆ ಗಾಲಿಯ ಕಡೆಗೀಲು. ಇದು ಅವರ ಕ್ರಮ. ಅವರ ಅಪ್ಪ, ಅಂದರೆ ನಮ್ಮಜ್ಜ, ತುಂಗಭದ್ರಾ ಅಣೆಕಟ್ಟೆಗೆ ಬಂಡಿ ಕಟ್ಟಿ ಕಲ್ಲು ಹೊಡೆದವನು. ಸುಣ್ಣ-ಸುರ್ಕಿಯ ಗಾರೆಯಲ್ಲಿ ಕಲ್ಲು ಕೂರಿಸಿ ಕಟ್ಟಿದ ಅಣೆಕಟ್ಟೆ ಅದು. ಅಲ್ಲಿ ಕಲ್ಲಿಗಿಂತ ಹೆಚ್ಚು ಸವೆದದ್ದು ಮನುಷ್ಯರ ಮತ್ತು ಎತ್ತುಗಳ ಹೆಗಲು. ಬಂಡಿಯ ಅಡಿಯಲ್ಲಿ ಬಿದಿರಿನ ಗೊಟ್ಟವೊಂದು ತೂಗಾಡುತ್ತಿತ್ತಂತೆ. ಅದರಲ್ಲಿ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ. ಗಾಲಿ ಕಿರುಗುಟ್ಟಿದರೆ ಬಂಡಿಯವನ ಮಾನ ಹೋಯಿತು ಅಂತಲೇ ಲೆಕ್ಕ.

ಅಣೆಕಟ್ಟೆಗೆ ನೀರು ನಿಂತ 1953 ನಮಗೆ ಇನ್ನೊಂದು ಕಾರಣಕ್ಕೂ ನೆನಪಿರುವ ಇಸವಿ. ಆ ಅಕ್ಟೋಬರ್ 1ರಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಬಳ್ಳಾರಿಯ ಜೊತೆಗೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ಮುಂದೆ ಲೋಡರು, ಹಿಂದೆ ತೋಡುವ ಕೈ ಇರುವ ತನ್ನ ಮೊದಲ ಗಾಡಿಯನ್ನು ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಇಂಗ್ಲೆಂಡಿನಲ್ಲಿ ಹೊರತಂದದ್ದೂ ಅದೇ 1953ರಲ್ಲಿ. ಆ ಮನುಷ್ಯನ ಹೆಸರಿನ ಮೂರು ಅಕ್ಷರವೇ ಜೆಸಿಬಿ. ನಮ್ಮಲ್ಲಿ ಅದು ಹೆಸರಾಗಿ ಉಳಿದಿಲ್ಲ, ಜಾತಿಯಾಗಿದೆ. ಧಾರವಾಡದ ಕಾರ್ಖಾನೆಯದಾದರೆ ‘ಟಾಟಾ ಜೆಸಿಬಿ’. ಬರೀ ತೋಡುವ ಕೈ ಇರುವ, ಚೈನಿನ ಮೇಲೆ ಓಡುವುದೆಲ್ಲ, ಯಾವ ಕಂಪನಿಯದಾದರೂ, ‘ಹಿಟಾಚಿ’.

ಬ್ಯಾಮ್‌ಫರ್ಡನ ಕಥೆ ಶುರುವಾಗುವುದೂ ಬಂಡಿಯಿಂದಲೇ. 1945ರಲ್ಲಿ ಯುಟಾಕ್ಸೆಟರ್ ಎಂಬ ಊರಲ್ಲಿ ಬಾಡಿಗೆಗೆ ಹಿಡಿದ ಸಣ್ಣ ಗ್ಯಾರೇಜು, ಯುದ್ಧದಲ್ಲಿ ಉಳಿದ ಗುಜರಿ, ಒಂದು ವೆಲ್ಡಿಂಗ್ ಸೆಟ್ಟು. ಅದರಲ್ಲಿ ರೈತರಿಗೆ ಮಣ್ಣು ಸುರಿಯುವ ಟ್ರೇಲರ್ ಮಾಡಿ ಸಂತೆಗೆ ಒಯ್ದ. ಕೇಳಿದ್ದು 90 ಪೌಂಡು. ಸಿಕ್ಕಿದ್ದು 45 ಪೌಂಡು ಮತ್ತು ಕೊಂಡವನ ಹಳೆಯ ಬಂಡಿ. ಬಂಡಿಯನ್ನು ರಿಪೇರಿ ಮಾಡಿ ಇನ್ನು 45 ಪೌಂಡಿಗೆ ಮಾರಿ ಲೆಕ್ಕ ಚುಕ್ತಾ ಮಾಡಿಕೊಂಡ. ನಮ್ಮ ದನದ ಸಂತೆಯ ದಲ್ಲಾಳಿಗಳಿಗೆ ಈ ಕಥೆ ಹೇಳಿದರೆ ಅವನನ್ನು ಬೀಗರ ಪಟ್ಟಿಗೆ ಸೇರಿಸಿಕೊಂಡಾರು. 1960ರ ದಶಕದಲ್ಲಿ ಹೊಸ ಗಾಡಿಯೊಂದರ ಮೊದಲ ನೂರು ಗಿರಾಕಿಗಳಿಗೆ ಕ್ಯಾಬಿನ್ನಿನಲ್ಲೇ ಚಹಾ ಕಾಸಿಕೊಳ್ಳಲು ಕೆಟಲು ಕೊಟ್ಟವನೂ ಅವನೇ. ನಮ್ಮ ಗಾಡಿಯ ಕ್ಯಾಬಿನ್ನಿನಲ್ಲಿ ಇದ್ದದ್ದು ಪೇಪರಿನಲ್ಲಿ ಕಟ್ಟಿದ ಮಂಡಕ್ಕಿ-ಮಿರ್ಚಿ, ಎರಡು ಲೀಟರಿನ ನೀರಿನ ಬಾಟಲಿ, ಉಜ್ಜಿನಿ ಮರುಳಸಿದ್ದೇಶ್ವರನ ಒಂದು ಫೋಟೊ. 1979ರಲ್ಲಿ ಎಸ್ಕಾರ್ಟ್ಸ್ ಜೊತೆ ಸೇರಿ ಹರಿಯಾಣದ ಬಲ್ಲಭಗಡದಲ್ಲಿ ಈ ಗಾಡಿ ಮಾಡಲು ಶುರುಮಾಡಿದವರು ಮರುಳಸಿದ್ದೇಶ್ವರನ ಹೆಸರು ಕೇಳಿರಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಆಪರೇಟರ್ ಹುಡುಗನೇ ಹಗರಿಬೊಮ್ಮನಹಳ್ಳಿಯಿಂದ ಒಬ್ಬರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಅರವತ್ತೈದರ ಆಸುಪಾಸು, ಬಿಳಿ ಗಡ್ಡ, ಕೈಯಲ್ಲಿ ಒಂದು ಟೆಸ್ಟ್ ಲ್ಯಾಂಪು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ಬಂದವರು ಗಾಡಿ ಹತ್ತಿರ ಹೋಗಲಿಲ್ಲ. ಜಾಲಿ ಮರದ ನೆರಳಿಗೆ ಕೂತು ಹುಡುಗನನ್ನು ಕೇಳಿದರು.

“ಕಾದ ಮ್ಯಾಲೆ ಸೋತು ಸೋತು ನಿಂತಿತೋ, ಒಮ್ಮೆಲೇ ನಿಂತಿತೋ?”

“ಒಮ್ಮೆಲೇ, ಚಾಚಾ. ಚಹಾ ಕುಡ್ದು ಬಂದು ಹತ್ತಿದೆ, ಹೋಗ್ಲಿಲ್ಲ.”

“ಹಂಗಾದ್ರ ಹೊಟ್ಟೆ ಕೊಯ್ಯಾದು ಬ್ಯಾಡ” ಅಂದರು ಚಾಚಾ, ನನ್ನ ಕಡೆ ತಿರುಗಿ. “ಮೇಷ್ಟ್ರೇ, ಕ್ಲಚ್ಚು ಸುಟ್ಟು ಸಾಯಾದು ಮುದುಕ್ರು ಸತ್ತಂಗ. ದಿನಾ ಸ್ವಲ್ಪ ಸ್ವಲ್ಪ. ಮೊದ್ಲು ದಿಬ್ಬ ಏರಾದಿಲ್ಲ, ಆಮ್ಯಾಲೆ ಲೋಡು ಎಳ್ಯಾದಿಲ್ಲ. ಚಹಾ ಕುಡಿಯಾದ್ರಾಗ ಎರಡೂ ಕಡಿ ಕ್ಲಚ್ಚು ಒಟ್ಟಿಗೇ ಸಾಯಾದಿಲ್ಲ.”

ಆಮೇಲೆ ಎದ್ದು ಡಿಪ್‌ಸ್ಟಿಕ್ಕು ಎಳೆದರು. ಎಣ್ಣೆಯನ್ನು ಎರಡು ಬೆರಳಲ್ಲಿ ತಿಕ್ಕಿದರು, ಮೂಸಿದರು, ಬಿಸಿಲಿಗೆ ಹಿಡಿದರು. ನನಗೂ ಮೂಸಲು ಕೊಟ್ಟರು. ಸೀದ ವಾಸನೆ ಬಂದಿದ್ದರೆ ಕ್ಲಚ್ ಪ್ಲೇಟು ಸುಟ್ಟಿದೆ ಅಂತ. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ, ಕೂಲರ್ ನೋಡಬೇಕು. ಬಂಗಾರದ ಪುಡಿಯಂತೆ ಮಿಣಮಿಣ ಅಂದರೆ ಗೇರು ಕೂಡಿಸುವ ಹಿತ್ತಾಳೆಯ ಉಂಗುರ ಸವೆದಿದೆ. ನಮ್ಮದರಲ್ಲಿ ಇದಾವುದೂ ಇರಲಿಲ್ಲ. ಮಟ್ಟವೂ ಸರಿಯಿತ್ತು. ಅರ್ಧ ಜನ ಇದನ್ನೇ ನೋಡದೆ ಗೇರ್‌ಬಾಕ್ಸ್ ಬಿಚ್ಚುತ್ತಾರೆ ಅಂದರು ಚಾಚಾ.

ಕನ್ವರ್ಟರ್ ಅಂದರೇನು ಅಂತ ಕೇಳಿದೆ. ಮೇಷ್ಟ್ರ ಚಟ. ಎಂಜಿನ್ನಿಗೂ ಗೇರಿಗೂ ನಡುವೆ ಕಬ್ಬಿಣಕ್ಕೆ ಕಬ್ಬಿಣ ಹಿಡಿದುಕೊಂಡಿರುವುದಿಲ್ಲ, ಎಣ್ಣೆ ಇರುತ್ತದೆ ಅಂದರು. ಎಂಜಿನ್ನು ಒಂದು ಚಕ್ರದಿಂದ ಎಣ್ಣೆಯನ್ನು ಗಿರ್ರನೆ ಎರಚುತ್ತದೆ, ಆ ಎಣ್ಣೆ ಎದುರಿನ ಚಕ್ರಕ್ಕೆ ಬಡಿದು ಅದನ್ನು ತಿರುಗಿಸುತ್ತದೆ. ನನಗೆ ಅರ್ಥವಾದದ್ದು ಅಮ್ಮ ಮಜ್ಜಿಗೆ ಕಡೆಯುವುದು ನೆನಪಾದಾಗ. ತಿರುಗುವುದು ಕಡೆಗೋಲು, ಆದರೆ ಮಜ್ಜಿಗೆಯ ಸುಳಿ ಗಡಿಗೆಯನ್ನೂ ತಿರುಗಿಸಲು ನೋಡುತ್ತಿತ್ತು. ಅಮ್ಮ ಎರಡೂ ಪಾದದಲ್ಲಿ ಅದನ್ನು ಒತ್ತಿ ಹಿಡಿಯುತ್ತಿದ್ದಳು. ಇದನ್ನು ಯಂತ್ರವಾಗಿ ಕಂಡವನು ಹರ್ಮನ್ ಫಾಟಿಂಗರ್ ಎಂಬ ಜರ್ಮನ್ ಎಂಜಿನಿಯರ್. 1905ರಲ್ಲಿ ಪೇಟೆಂಟ್ ಪಡೆದ. ಅವನ ತಲೆಯಲ್ಲಿ ಇದ್ದದ್ದು ಹಡಗು. ವೇಗವಾಗಿ ತಿರುಗುವ ಟರ್ಬೈನಿನ ಬಲವನ್ನು ನಿಧಾನ ತಿರುಗಬೇಕಾದ ಪ್ರೊಪೆಲ್ಲರಿಗೆ ಮುಟ್ಟಿಸುವುದು ಹೇಗೆ ಅನ್ನುವ ಚಿಂತೆ. ಸಮುದ್ರಕ್ಕೆಂದು ಹುಟ್ಟಿದ ಈ ಉಪಾಯ ನೀರಿಲ್ಲದ ನಮ್ಮ ಕೆರೆಗಳ ಹೂಳು ತೆಗೆಯುತ್ತಿದೆ.

ಚಾಚಾ ಈಗ ಕ್ಯಾಬಿನ್ನಿಗೆ ಹತ್ತಿದರು. ಎಂಜಿನ್ ಆಫ್, ಕೀ ಆನ್. “ಎಲ್ಲಾರೂ ಸುಮ್ನಿರ್ರಿ” ಅಂದರು. ಸ್ಟೀರಿಂಗಿನ ಎಡಕ್ಕಿರುವ ಲಿವರನ್ನು ಮುಂದೆ ಹಾಕಿದರು, ಹಿಂದೆ ಹಾಕಿದರು. ಈ ಲಿವರು ಕರೆಂಟನ್ನು ಒಂದು ಸೊಲೆನಾಯ್ಡಿಗೆ ಕಳಿಸಬೇಕು, ಅದು ‘ಟಿಕ್’ ಅಂದು ಎಣ್ಣೆಯ ದಾರಿ ತೆರೆಯಬೇಕು, ಆ ಒತ್ತಡಕ್ಕೆ ಮುಂದಿನ ಅಥವಾ ಹಿಂದಿನ ಕ್ಲಚ್ಚು ಹಿಡಿಯಬೇಕು. ಒಂದು ಕಡೆ ಟಿಕ್ ಅಂದು ಇನ್ನೊಂದು ಕಡೆ ಅನ್ನದಿದ್ದರೆ ಎರಡರ ಕನೆಕ್ಟರನ್ನು ಅದಲುಬದಲು ಮಾಡಿ ನೋಡುವುದು. ರೋಗ ಜಾಗ ಬದಲಿಸಿದರೆ ಅದು ವೈರಿನದು, ಬದಲಿಸದಿದ್ದರೆ ಸೊಲೆನಾಯ್ಡಿನದೋ ಒಳಗಿನದೋ. ನಮ್ಮದು ಎರಡೂ ಕಡೆ ಮೌನ. ಹರಪನಹಳ್ಳಿಯಾದರೂ ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರಕ್ಕೆ ಸೇರಿ, ಮುಂದಕ್ಕೂ ಹಿಂದಕ್ಕೂ ಸಲೀಸಾಗಿ ಓಡಾಡಿದೆ. ನಮ್ಮ ಗಾಡಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಫ್ಯೂಸು ನೋಡಿದರು, ಸರಿಯಿತ್ತು. ಆಮೇಲೆ ಹ್ಯಾಂಡ್‌ಬ್ರೇಕಿನ ಬುಡಕ್ಕೆ ಬೆರಳು ಹಾಕಿ ಒಂದು ಮುಷ್ಟಿ ಒಣಗಿದ ಕೆರೆಮಣ್ಣು ತೆಗೆದರು. ಅದರೊಳಗೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಸ್ವಿಚ್ಚು. ಹ್ಯಾಂಡ್‌ಬ್ರೇಕ್ ಎಳೆದಿರುವಾಗ ಗಾಡಿ ಓಡಬಾರದು ಅಂತ ಗೇರಿನ ಕರೆಂಟು ತಡೆಯುವುದು ಅದರ ಕೆಲಸ. ಬ್ರೇಕು ಇಳಿಸಿದರೂ ಮಣ್ಣು ಮೆತ್ತಿಕೊಂಡ ಸ್ವಿಚ್ಚು ಇನ್ನೂ ಎಳೆದೇ ಇದೆ ಅಂತ ನಂಬಿಕೊಂಡು ಕೂತಿತ್ತು.

“ಹಿಂಗಾದಾಗ ಬಜರ್ ಕೂಗಬೇಕಿತ್ತಲ್ಲ?” ಅಂದರು ಚಾಚಾ.

ಹುಡುಗ ಕೆರೆಯ ಆಚೆ ದಡ ನೋಡತೊಡಗಿದ. ಬಹಳ ಹೊತ್ತಿನ ಮೇಲೆ, “ಅದು ಕಿವಿ ತಿಂತಿತ್ತು ಚಾಚಾ, ವೈರ್ ಕಿತ್ತೀನಿ” ಅಂದ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಲು ಹೊರಟಿದ್ದೆವು. ತಮ್ಮ ಹುಡುಗನನ್ನು ಬೈಯಲು ಬಾಯಿ ತೆರೆದ, ಚಾಚಾ ಕೈ ಎತ್ತಿ ತಡೆದರು. ಸ್ವಿಚ್ಚನ್ನು ಡೀಸೆಲಿನಲ್ಲಿ ತೊಳೆದು, ಒರೆಸಿ ಕೂರಿಸಿ, ಲಿವರು ಹಾಕಿದರು. ಟಿಕ್. ಹಿಂದಕ್ಕೆ ಹಾಕಿದರು. ಟಿಕ್. ಹೊಸ ಸ್ವಿಚ್ಚು ತರಿಸಿ ಹಾಕಿ ಅಂದರು. ತಮ್ಮ ಕೊಟ್ಟ ನೋಟುಗಳಲ್ಲಿ ಎರಡು ಇಟ್ಟುಕೊಂಡು ಉಳಿದದ್ದು ವಾಪಸ್ ಕೊಟ್ಟರು. ಹೋಗುವ ಮೊದಲು ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿ, ಕಿತ್ತ ವೈರು ಹುಡುಕಿ ಸಿಗಿಸಿದರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ, ಜತ್ತಿಗಿಯದೇ ತೊಂದರೆ ಆಗಿತ್ತು ಅಂತ. “ಹ್ಞೂಂ” ಅಂದು ಮಗ್ಗುಲಾದರು.

ಸಾಲ ತೀರಿದ ಮೇಲೆ ತಮ್ಮ ಆ ಗಾಡಿಯನ್ನು ಹಡಗಲಿ ಕಡೆಯವರಿಗೆ ಮಾರಿದ. ಹೋದ ವರ್ಷ ಹಡಗಲಿಯ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ಒಂದು ಮಲ್ಲಿಗೆ ತೋಟದ ಪಕ್ಕ ಹಳದಿ ಗಾಡಿಯೊಂದು ಪೈಪಿನ ಕಾಲುವೆ ತೋಡಿ ಮುಗಿಸಿ ನಿಂತಿತ್ತು. ನಮ್ಮದೇ ಇರಬಹುದೇನೋ ಅಂತ ಕಿಟಕಿಯಿಂದ ಬಗ್ಗಿದೆ. ನಂಬರು ಮಣ್ಣು ಮೆತ್ತಿ ಕಾಣಲಿಲ್ಲ. ಆಪರೇಟರ್ ಹತ್ತಿ ಲಿವರು ಹಾಕಿದ್ದೇ ತಡ ಬಜರು ಕುಂಯ್ಯೋ ಅಂತ ಕೂಗಿಕೊಂಡಿತು. ಅವನು ಏನೋ ಬೈದುಕೊಂಡು ಹ್ಯಾಂಡ್‌ಬ್ರೇಕ್ ಇಳಿಸಿದ. ಗಾಡಿ ಹೊರಟಿತು.