ಅರ್ಧ ಕಿವಿಯ ಕೇಳುಗ

ಟಿವಿ ಪರದೆಯ ಕೆಳಗೆ ಹಾಡಿನ ಸಾಲು ಮೂಡುತ್ತದೆ. ಅದರ ಮೇಲೆ ಮೆಟ್ಟಿಲುಗಳಂತೆ ಏರುತ್ತ ಇಳಿಯುತ್ತ ಸಾಗುವ ಬೂದು ಪಟ್ಟಿಗಳು, ಅಕ್ಷರಕ್ಕೊಂದರಂತೆ. ಮೈಕ್ ಹಿಡಿದವರು ಹಾಡುತ್ತ ಹೋದ ಹಾಗೆ, ಸ್ವರ ಕೂಡಿದಲ್ಲಿ ಪಟ್ಟಿಯೊಳಗೆ ಬಣ್ಣ ತುಂಬುತ್ತದೆ. ಕೂಡದಿದ್ದಲ್ಲಿ ಬಣ್ಣ ಮೇಲಕ್ಕೋ ಕೆಳಕ್ಕೋ ಸರಿದು ಬೀಳುತ್ತದೆ. ಹಾಡು ಮುಗಿದಾಗ ಒಂದು ಅಂಕ. 2003ರಲ್ಲಿ ಅಮೆರಿಕದಲ್ಲಿ ಬಂದ ಕರೋಕೆ ರೆವಲ್ಯೂಷನ್ ಎಂಬ ವಿಡಿಯೋ ಆಟ, ಮರುವರ್ಷ ಸೋನಿಯ ಲಂಡನ್ ಸ್ಟುಡಿಯೋ ತಂದ ಸಿಂಗ್‌ಸ್ಟಾರ್, ಇವೆರಡರಿಂದ ಪ್ಲೇಸ್ಟೇಷನ್ 2 ಇದ್ದ ಮನೆಗಳ ನಡುಮನೆ ಹಾಡುವ ಜಾಗವಾಯಿತು. ಸಿಂಗ್‌ಸ್ಟಾರ್ ಪೆಟ್ಟಿಗೆಯಲ್ಲಿ ಒಂದು ಕೆಂಪು, ಒಂದು ನೀಲಿ, ಹೀಗೆ ಎರಡು ಮೈಕ್ ಇರುತ್ತಿದ್ದವು. ಪರದೆಯ ಮೇಲೂ ಅದೇ ಎರಡು ಬಣ್ಣ. ಸಂಗೀತ ಬಲ್ಲವರು ಈ ಆಟವನ್ನು ಕಂಡರೆ ಮೂಗು ಮುರಿಯುತ್ತಾರೆ. ಯಂತ್ರಕ್ಕೆ ಸಂಗೀತ ಎಲ್ಲಿ ತಿಳಿಯುತ್ತದೆ, ಅದಕ್ಕಿರುವುದು ಅರ್ಧ ಕಿವಿ ಎನ್ನುತ್ತಾರೆ. ಅರ್ಧ ಕಿವಿ ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಮನೆಯಲ್ಲಿ ಹಾಡು ಮರೆತವರನ್ನು ಮತ್ತೆ ಹಾಡಿಸುವ ಶಕ್ತಿ ಈ ಆಟಕ್ಕೆ ಬಂದಿರುವುದು ಆ ಅರ್ಧ ಕಿವಿಯಿಂದಲೇ.

ಆ ಕಿವಿ ಏನನ್ನು ಕೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಮೈಕಿಗೆ ಬಿದ್ದ ದನಿಯ ಅಲೆ ಸೆಕೆಂಡಿಗೆ ಎಷ್ಟು ಸಲ ಮರುಕಳಿಸುತ್ತದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ, ಅದು ಹಾರ್ಮೋನಿಯಂನ ಹನ್ನೆರಡು ಮನೆಗಳಲ್ಲಿ ಯಾವುದಕ್ಕೆ ಹತ್ತಿರ ಎಂದು ಹುಡುಕುತ್ತದೆ, ಹಾಡಿನ ಕಡತದಲ್ಲಿ ಆ ಕ್ಷಣಕ್ಕೆ ಬರೆದಿಟ್ಟ ಮನೆಯೊಂದಿಗೆ ಹೋಲಿಸುತ್ತದೆ. ಅಷ್ಟೇ. ಸ್ಥಾಯಿಯನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಯಕಿ ತಾರದಲ್ಲಿ ಹಾಡಿದ್ದನ್ನು ಅಜ್ಜ ಮಂದ್ರದಲ್ಲಿ ಹಾಡಿದರೂ ಸರಿಯೇ. ಸಿಂಗ್‌ಸ್ಟಾರ್ ಮಾದರಿಯಲ್ಲಿ ಹವ್ಯಾಸಿಗಳು ಕಟ್ಟಿದ ಅಲ್ಟ್ರಾಸ್ಟಾರ್ ಡೀಲಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಲೆಕ್ಕ ಬಿಚ್ಚಿಟ್ಟಂತಿದೆ: ಸುಲಭ ಹಂತದಲ್ಲಿ ಎರಡು ಮನೆಯಷ್ಟು ತಪ್ಪಿದರೂ ಮಾಫಿ, ನಡು ಹಂತದಲ್ಲಿ ಒಂದು ಮನೆ, ಕಷ್ಟದ ಹಂತದಲ್ಲಿ ಇದ್ದ ಮನೆಯಲ್ಲೇ ನಿಲ್ಲಬೇಕು. ಪೂರ್ಣಾಂಕ 10,000. ಪದಗಳನ್ನು ಬಿಟ್ಟು ಬರೀ ಗುನುಗಿದರೂ ಅಂಕ ಬೀಳುತ್ತದೆ. ಮಹಾಪ್ರಾಣ ನುಂಗಿದ್ದು, ಳಕಾರ ಲಕಾರವಾದದ್ದು, ಸಾಲಿನ ಅರ್ಥ ತಿಳಿದು ಹಾಡಿದ್ದೋ ತಿಳಿಯದೆಯೋ, ದನಿ ಜೇನೋ ಜರಡಿಯೋ, ಇದು ಯಾವುದೂ ಅದಕ್ಕೆ ಬೇಡ. ಹಾಡಿನೊಳಗೆ ನಾವು ಹಾಡೆಂದು ಕರೆಯುವ ಬಹುಭಾಗ ಅದರ ಕಿವಿಯ ಹೊರಗೇ ಉಳಿಯುತ್ತದೆ.

ಈಗ ಮನುಷ್ಯನ ಕಿವಿಯನ್ನು ಪಕ್ಕದಲ್ಲಿಡೋಣ. ಅದು ಎಲ್ಲವನ್ನೂ ಕೇಳುತ್ತದೆ. ಕೇಳಿ, ಹಾಡಿನ ಬಗ್ಗೆ ಹೇಳುವ ಬದಲು ಹಾಡಿದವರ ಬಗ್ಗೆ ಹೇಳುತ್ತದೆ. ‘ನಿನ್ನ ಕಂಠ ಹಾಡುವುದಕ್ಕಲ್ಲ.’ ‘ನಮ್ಮ ವಂಶದಲ್ಲೇ ಸಂಗೀತ ಇಲ್ಲ.’ ಶಾಲೆಯ ಸಮೂಹಗೀತೆಯ ಸಾಲಿನಲ್ಲಿ ನಿಂತು ‘ನೀನು ಸುಮ್ಮನೆ ಬಾಯಿ ಆಡಿಸು ಸಾಕು’ ಎನಿಸಿಕೊಂಡ ಮಕ್ಕಳು ಎಲ್ಲ ಊರುಗಳಲ್ಲೂ ಇದ್ದಾರೆ. ಅಂಥ ಒಂದು ಮಾತು ಐವತ್ತು ವರ್ಷ ಬಾಯಿ ಮುಚ್ಚಿಸಬಲ್ಲದು. ಯಂತ್ರ ಹೇಳುವುದು ಬೇರೆ: ಈ ಸಾಲಿನ ಮೂರನೆಯ ಅಕ್ಷರ ಒಂದು ಮನೆ ಕೆಳಗಾಯಿತು. ಮುಂದಿನ ಅಕ್ಷರ ಬರುವ ಹೊತ್ತಿಗೆ ಅದು ಹಿಂದಿನದನ್ನು ಬಿಟ್ಟಿರುತ್ತದೆ. ತಪ್ಪು ಅಕ್ಷರದ ಮೇಲೆ ಕೂರುತ್ತದೆ, ಹಾಡಿದವರ ಹಣೆಯ ಮೇಲಲ್ಲ. ಹೀಗೆ ಬಾಯಿ ಮುಚ್ಚಿದವರಲ್ಲಿ ಹೆಚ್ಚಿನವರಿಗೆ ಹಾಡಲು ಬರುವುದಿಲ್ಲ ಎಂಬುದೂ ನಿಜವಲ್ಲ. ಮಾಂಟ್ರಿಯಲ್‌ನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಂಗೀತ ಕಲಿಯದ ಸಾಮಾನ್ಯರಿಂದ ಅಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ಹಾಡಿಸಿ ಅಳೆದರು. ಕಲಿಯದವರು ಅವಸರದಲ್ಲಿ ಹಾಡುತ್ತಿದ್ದರು, ಅದರಿಂದ ಸ್ವರ ತಪ್ಪುತ್ತಿತ್ತು. ನಿಧಾನಿಸಿ ಹಾಡಿಸಿದಾಗ ಅವರಲ್ಲಿ ಬಹುಪಾಲು ಜನ ವೃತ್ತಿಪರರ ಹತ್ತಿರಕ್ಕೆ ಬಂದರು. ಸ್ವರವೇ ತಿಳಿಯದವರು ಇಲ್ಲವೆಂದಲ್ಲ. ಇದ್ದಾರೆ, ಬಹಳ ಕಡಿಮೆ. ಉಳಿದವರಲ್ಲಿ ಇರುವುದು ಅಂಜಿಕೆ ಮತ್ತು ಅಭ್ಯಾಸ ತಪ್ಪಿದ ಗಂಟಲು.

ಅಂಜಿಕೆಯನ್ನು ಕಳೆಯುವ ಬಗೆ ನಮ್ಮ ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಹಲಸಂಗಿಯ ಗೆಳೆಯರು 1930ರ ದಶಕದಲ್ಲಿ ಹೊರತಂದ ‘ಗರತಿಯ ಹಾಡು’ ಎಂಬ ಜನಪದ ಹಾಡುಗಳ ಸಂಗ್ರಹದ ಹಿಂದೆ ಎಷ್ಟು ಬೀಸುವ ಕಲ್ಲುಗಳು ತಿರುಗಿವೆ ಎಂದು ನೆನೆದರೆ ಸಾಕು. ಬೀಸುವ ಪದ, ಕುಟ್ಟುವ ಪದ, ನಾಟಿಯ ಪದ, ತೊಟ್ಟಿಲ ಪದ, ಆರತಿಯ ಹಾಡು: ಇವುಗಳ ಹೆಸರಿನಲ್ಲೇ ಒಂದೊಂದು ಕೆಲಸವಿದೆ. ಕೈಗೆ ಕೆಲಸ ಇದ್ದುದರಿಂದ ಬಾಯಿಗೆ ಬಿಡುವು ಸಿಕ್ಕಿತು. ಹಾಡುವವಳನ್ನು ಯಾರೂ ನೋಡುತ್ತಿರಲಿಲ್ಲ, ಅವಳೂ ತನ್ನನ್ನು ತಾನು ನೋಡಿಕೊಳ್ಳುತ್ತಿರಲಿಲ್ಲ. ಎಲ್ಲರ ಗಮನ ಹಿಟ್ಟಿನ ಮೇಲೆ, ಕೂಸಿನ ಮೇಲೆ. ದನಿ ಚೆನ್ನಾಗಿದೆಯೇ ಎಂಬ ಪ್ರಶ್ನೆ ಏಳುವುದಕ್ಕೇ ಜಾಗವಿರಲಿಲ್ಲ. ಬೀಸುವ ಕೆಲಸ ಗಿರಣಿಗೆ ಹೋಯಿತು, ಮನೆಗೆ ರೇಡಿಯೋ ಬಂತು, ಕ್ಯಾಸೆಟ್ ಬಂತು. ಕಲ್ಲಿನ ಮುಂದೆ ಬೆವರಿದ ಹೆಂಗಸರ ದುಡಿಮೆ ಮರಳಿ ಬರಲಿ ಎಂದು ನಾನು ಎಂದೂ ಬಯಸಲಾರೆ. ಆದರೆ ಕೆಲಸದ ಜೊತೆ ಹಾಡಿನ ನೆಪವೂ ಹೋಯಿತು ಎಂಬುದು ನಿಜ. ನೆಪವಿಲ್ಲದೆ ಹಾಡುವುದೆಂದರೆ ಎದ್ದು ನಿಂತು, ನಾಲ್ಕು ಜನರನ್ನು ನೋಡುತ್ತ, ‘ನಾನು ಹಾಡುತ್ತೇನೆ’ ಎಂದು ಘೋಷಿಸುವುದು. ಅದು ಕಛೇರಿಯ ರೀತಿ, ಎಲ್ಲರಿಂದ ಆಗುವಂಥದ್ದಲ್ಲ. ಪರದೆಯ ಮೇಲೆ ಓಡುವ ಪಟ್ಟಿಗಳು ಬೀಸುವ ಕಲ್ಲಿನ ಜಾಗವನ್ನು ತುಂಬುತ್ತವೆ. ಆಡುವವರ ಕಣ್ಣು ಅಲ್ಲೇ ನೆಟ್ಟಿರುತ್ತದೆ, ಸೋಫಾದಲ್ಲಿ ಕೂತವರ ಕಣ್ಣೂ ಅಲ್ಲೇ. ಹಾಡುವವರ ಮುಖವನ್ನು ಯಾರೂ ನೋಡುತ್ತಿಲ್ಲ. ಕೇಳಿದರೆ ‘ಹಾಡುತ್ತಿಲ್ಲಪ್ಪ, ಆಡುತ್ತಿದ್ದೇನೆ’ ಎನ್ನಬಹುದು. ಹಾಡು ಮತ್ತು ಆಡು ಎಂಬ ಎರಡು ಮಾತಿನ ನಡುವೆ ಕನ್ನಡದಲ್ಲಿ ಇರುವುದು ಒಂದು ಹಕಾರ ಮಾತ್ರ.

ಈ ಆಟಗಳ ಬೇರಾದ ಕರೋಕೆ, ಅಂದರೆ ಮೊದಲೇ ಮುದ್ರಿಸಿದ ವಾದ್ಯದ ಜೊತೆ ಹಾಡುವ ರೂಢಿ, ಹುಟ್ಟಿದ್ದೇ ಹಾಡಲು ಬಾರದವರ ಮೇಲಿನ ಮಮತೆಯಿಂದ. ಜಪಾನಿನ ಕೋಬೆ ನಗರದ ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದ ಡೈಸುಕೆ ಇನೊಉಎ ಅವರನ್ನು ಒಬ್ಬ ಗಿರಾಕಿ ತನ್ನ ಜೊತೆ ಪ್ರವಾಸಕ್ಕೆ ಕರೆದ. ಹೋಗಲಾಗದ ಇನೊಉಎ, ಆ ಮನುಷ್ಯ ಹಾಡುವ ರೀತಿಗೆ ಹೊಂದುವಂತೆ ವಾದ್ಯವನ್ನು ಟೇಪಿನಲ್ಲಿ ತುಂಬಿ ಕೊಟ್ಟರು. ಅಲ್ಲಿಂದ ಹೊಳೆದದ್ದನ್ನೇ ಬೆಳೆಸಿ 1971ರಲ್ಲಿ ಹನ್ನೊಂದು ಯಂತ್ರಗಳನ್ನು ಮಾಡಿಸಿ ಬಾಡಿಗೆಗೆ ಕೊಟ್ಟರು. ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಜಪಾನಿಯಲ್ಲಿ ‘ಕರ’ ಎಂದರೆ ಖಾಲಿ, ‘ಓಕೆ’ ಆರ್ಕೆಸ್ಟ್ರಾದ ಚುಟುಕು ರೂಪ. ಹಾಡುವವರು ವಾದ್ಯದ ಹಿಂದೆ ಓಡದೆ ವಾದ್ಯ ಹಾಡುವವರ ಜೊತೆ ನಡೆಯಲಿ ಎಂಬುದು ಆ ಮೊದಲ ಟೇಪಿನ ಗುಣ. ನಗಿಸಿ ಚಿಂತನೆಗೆ ಹಚ್ಚುವ ಇಗ್ ನೊಬೆಲ್ ಪ್ರಶಸ್ತಿಯನ್ನು 2004ರಲ್ಲಿ ಶಾಂತಿಯ ವಿಭಾಗದಲ್ಲಿ ಅವರಿಗೆ ಕೊಟ್ಟರು. ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಕಲಿಯುವ ಹೊಸ ದಾರಿ ಎಂಬುದು ಕಾರಣ. ನಾನು ಅದನ್ನು ನಗೆಮಾತೆಂದು ತಿಳಿಯುವುದಿಲ್ಲ. ಒಬ್ಬರ ಬೇಸುರನ್ನು ಇನ್ನೊಬ್ಬರು ನಾಲ್ಕು ನಿಮಿಷ ಪ್ರೀತಿಯಿಂದ ಕೇಳುವುದು ಸಣ್ಣ ಸಂಗತಿಯಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಬೀಸುವ ಕಲ್ಲು ಅಂಕ ಕೊಡುತ್ತಿರಲಿಲ್ಲ, ಈ ಆಟ ಕೊಡುತ್ತದೆ. ಅಂಕ ಬಂದಲ್ಲಿ ಹೋಲಿಕೆ, ಹೋಲಿಕೆ ಬಂದಲ್ಲಿ ಮತ್ತೆ ಅದೇ ಅಂಜಿಕೆ ಅಲ್ಲವೇ? ಶಾಲೆಯಲ್ಲಿ ಅಂಕ, ಟಿವಿಯ ಗಾಯನ ಸ್ಪರ್ಧೆಗಳಲ್ಲಿ ಅಂಕ, ಇನ್ನು ಮನೆಯ ಹಾಡಿಗೂ ಏಕೆ? ಈ ಮಾತಿನಲ್ಲಿ ಹುರುಳಿದೆ, ಆದ್ದರಿಂದಲೇ ಆಟ ಮತ್ತು ಆಟದ ನಡುವೆ ಭೇದ ಮಾಡಬೇಕು. ಕರೋಕೆ ರೆವಲ್ಯೂಷನ್‌ನಲ್ಲಿ ಪರದೆಯೊಳಗೊಂದು ಸಭೆ ಇರುತ್ತಿತ್ತು. ಸ್ವರ ತಪ್ಪುತ್ತ ಹೋದರೆ ಆ ಸಭೆ ಕೂಗಿ ಹಾಡನ್ನು ಅರ್ಧಕ್ಕೇ ನಿಲ್ಲಿಸುತ್ತಿತ್ತು. ಮನೆಯ ಆಟಕ್ಕೆ ಇದು ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಂಗ್‌ಸ್ಟಾರ್ ಹಾಡನ್ನು ನಿಲ್ಲಿಸುವುದಿಲ್ಲ. ಎಷ್ಟು ತಪ್ಪಿದರೂ ಪಲ್ಲವಿ ಮತ್ತೆ ಬರುತ್ತದೆ, ಮೂಲ ಗಾಯಕರ ದನಿ ಜೊತೆಗೇ ಕೈ ಹಿಡಿದು ನಡೆಸುತ್ತದೆ. ಅಲ್ಟ್ರಾಸ್ಟಾರ್‌ನಲ್ಲಿ ತೀರ ಕಡಿಮೆ ಅಂಕಕ್ಕೆ ‘ಸ್ವರವೇ ತಿಳಿಯದವರು’ ಎಂಬರ್ಥದ ಬಿರುದು ಕೊಡುತ್ತಾರೆ. ಅದನ್ನು ತೆಗೆದುಹಾಕಬೇಕು, ಅಕ್ಷರವನ್ನು ಬಿಟ್ಟು ಮನುಷ್ಯನಿಗೆ ಹೆಸರಿಡುವ ಅದೇ ಹಳೆಯ ಚಾಳಿ ಅದು. ಇನ್ನುಳಿದ ಅಂಕ ಕೇಡು ಮಾಡಲಾರದು, ಏಕೆಂದರೆ ಅದರ ಕಿವಿ ಅರ್ಧವೆಂಬುದು ಆಡುವ ಎಲ್ಲರಿಗೂ ಬೇಗ ತಿಳಿಯುತ್ತದೆ. ಮೈಮರೆತು ಹಾಡಿದ ಅತ್ತೆಗೆ ನಾಲ್ಕು ಸಾವಿರ, ಹೂಂ ಹೂಂ ಎಂದು ಗುನುಗಿದ ಹುಡುಗನಿಗೆ ಎಂಟು ಸಾವಿರ ಬಂದಾಗ, ಕೂತ ಜನಕ್ಕೆ ಯಾರ ಹಾಡು ಚೆನ್ನಾಗಿತ್ತು ಎಂದು ಯಂತ್ರ ಹೇಳಬೇಕಾಗಿಲ್ಲ. ಪೂರ್ತಿ ಕಿವಿಯ ಯಂತ್ರವೊಂದು, ಭಾವವನ್ನೂ ನಾದವನ್ನೂ ತೂಗುವಂಥದ್ದು, ನಡುಮನೆಗೆ ಬಂದರೆ ನಾನು ಹೆದರುತ್ತೇನೆ. ಅದರ ತೀರ್ಪನ್ನು ನಂಬಬೇಕಾಗುತ್ತದೆ.

ಸಂಗೀತ ಬಲ್ಲವರ ಆಕ್ಷೇಪ ಇದಕ್ಕಿಂತ ಆಳದ್ದು. ನಮ್ಮ ಹಾಡು ಮನೆಗಳ ಮೇಲೆ ನಿಂತಿಲ್ಲ, ಮನೆಗಳ ನಡುವಿನ ದಾರಿಯಲ್ಲಿದೆ. ತೋಡಿ ರಾಗದ ಗಾಂಧಾರ ಒಂದು ಬಿಂದುವಲ್ಲ, ತೂಗುವ ತೊಟ್ಟಿಲು. ಅದನ್ನು ಅಲುಗದ ಪಟ್ಟಿಯಾಗಿ ಬರೆದರೆ ತೋಡಿ ಸತ್ತಂತೆ. ಶಾಸ್ತ್ರೀಯ ಸಂಗೀತ ಹಾಗಿರಲಿ, ಭಾವಗೀತೆಯೂ ಅಷ್ಟೇ. ಗಾಯಕ ಸಿ. ಅಶ್ವಥ್ ಅವರು ಒಂದು ಪದವನ್ನು ಎತ್ತಿ ಎಳೆದು ಕೆಳಗಿಳಿಸುತ್ತಿದ್ದ ರೀತಿಯನ್ನು ಆಯತಗಳಲ್ಲಿ ಬಿಡಿಸಲು ಬರುವುದಿಲ್ಲ. ಕಷ್ಟದ ಹಂತದಲ್ಲಿ ಈ ಆಟ ಆಡಿದರೆ ಗಮಕವಿಟ್ಟು ಹಾಡಿದವರು ಅಂಕ ಕಳೆದುಕೊಳ್ಳುತ್ತಾರೆ, ಮರದ ಹಾಗೆ ನೆಟ್ಟಗೆ ಹಾಡಿದವರು ಗೆಲ್ಲುತ್ತಾರೆ. ಎಳೆಯ ಮಕ್ಕಳು ದಿನವೂ ಹೀಗೆ ಆಡಿದರೆ ಕಿವಿ ಪಟ್ಟಿಗಳ ಆಕಾರಕ್ಕೆ ಒಗ್ಗದೇ? ಒಗ್ಗಬಹುದು, ಪಾಠಕ್ಕೆ ಹೋಗುವ ಮಗುವಿಗೆ ಇದನ್ನು ಗುರುವಿನ ಬದಲು ಕೊಡುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಈ ಆಟ ಯಾರ ಕೈಗೆ ಮೈಕ್ ಕೊಡುತ್ತದೆ ಎಂದು ನೋಡಬೇಕು. ಪಾಠಕ್ಕೆ ಹೋಗುವವರಿಗೆ ಹಾಡಲು ನೂರು ಜಾಗಗಳಿವೆ. ಇದು ಬೇಕಾಗಿರುವುದು ಬಾಯಿ ಆಡಿಸು ಸಾಕು ಎನಿಸಿಕೊಂಡವರಿಗೆ. ಅವರಿಗೆ ಗಮಕ ಹೋದೀತೆಂಬ ಭಯವಿಲ್ಲ. ತಮ್ಮ ದನಿ ಏರಿಸಿದಾಗ ಬಣ್ಣ ಏರುತ್ತದೆ, ಇಳಿಸಿದಾಗ ಇಳಿಯುತ್ತದೆ ಎಂದು ಕಣ್ಣಾರೆ ಕಾಣುವುದೇ ಅವರಿಗೆ ದೊಡ್ಡ ಸಂಗತಿ. ಗಂಟಲು ತಮ್ಮ ಮಾತು ಕೇಳುತ್ತದೆ ಎಂದು ಅವರಿಗೆ ಆವರೆಗೆ ಯಾರೂ ತೋರಿಸಿರುವುದಿಲ್ಲ.

ಉಳಿದದ್ದು ಹಾಡುಗಳ ಪ್ರಶ್ನೆ. ದೊಡ್ಡ ಕಂಪನಿಗಳ ಆಟದಲ್ಲಿ ಅವರು ಪರವಾನಗಿ ಪಡೆದ ಹಾಡುಗಳಷ್ಟೇ ಇರುತ್ತವೆ, ಅವೂ ಅವರ ಅಂಗಡಿ ತೆರೆದಿರುವ ತನಕ. ಸಿಂಗ್‌ಸ್ಟಾರ್‌ನ ಆನ್‌ಲೈನ್ ಅಂಗಡಿ 2020ರ ಜನವರಿ 31ರಂದು ಮುಚ್ಚಿತು. ಅಲ್ಟ್ರಾಸ್ಟಾರ್‌ನ ದಾರಿ ಬೇರೆ. ಅದರಲ್ಲಿ ಹಾಡು ಎಂದರೆ ಒಂದು ಸರಳ ಪಠ್ಯ ಕಡತ: ಅಕ್ಷರಕ್ಕೆ ಒಂದು ಸಾಲು, ಆ ಸಾಲಿನಲ್ಲಿ ಯಾವ ಮಾತ್ರೆಗೆ ಶುರು, ಎಷ್ಟು ಮಾತ್ರೆ, ಯಾವ ಮನೆ ಎಂಬ ಮೂರು ಅಂಕಿ. ಬೇಕಿರುವುದು ತಾಳ್ಮೆ ಮತ್ತು ಹಾರ್ಮೋನಿಯಂ ತಿಳಿದ ಒಬ್ಬರು. ಆರತಿಯ ಹಾಡನ್ನೋ ಜೋಗುಳವನ್ನೋ ಮನೆಯವರೇ ಹಾಡಿ ಧ್ವನಿಮುದ್ರಿಸಿ ಹೀಗೆ ಕಡತ ಮಾಡಬಹುದು. ಯಾರ ಪರವಾನಗಿಗೂ ಕಾಯಬೇಕಿಲ್ಲ. ಷಿಕಾಗೋದಲ್ಲೋ ಮೆಲ್ಬರ್ನ್‌ನಲ್ಲೋ ಬೆಳೆಯುವ, ಕನ್ನಡ ಲಿಪಿ ಬಾರದ ಮೊಮ್ಮಗಳಿಗಾಗಿ ಅದೇ ಸಾಲನ್ನು ರೋಮನ್ ಅಕ್ಷರದಲ್ಲಿ ಬರೆಯಬಹುದು. ಒತ್ತಕ್ಷರವನ್ನು ಎಲ್ಲಿ ಒಡೆಯಬೇಕು, ‘ಅಮ್ಮ’ ಎಂಬುದನ್ನು ‘ಅಮ್’ ಮತ್ತು ‘ಮ’ ಎಂದು ಬಿಡಿಸಬೇಕೋ ಹಾಗೇ ಇಡಬೇಕೋ ಎಂಬಂಥ ಪ್ರಶ್ನೆಗಳು ಆಗ ಏಳುತ್ತವೆ. ಲಘು ಗುರುಗಳ ಲೆಕ್ಕ ಬಲ್ಲ ನಮಗೆ ಅವು ಹೊಸತೇನಲ್ಲ. ಗಮಕದ ಪ್ರಶ್ನೆಗೂ ಆ ಕಡತದಲ್ಲಿ ಒಂದು ದಾರಿಯಿದೆ. ಸಾಲಿನ ಮೊದಲಿಗೆ ಎಫ್ ಎಂಬ ಅಕ್ಷರವನ್ನು ಇಟ್ಟರೆ ಆ ಭಾಗಕ್ಕೆ ಅಂಕವಿಲ್ಲ. ಪದಗಳು ಪರದೆಯ ಮೇಲೆ ಬರುತ್ತವೆ, ಯಂತ್ರ ಮಾತ್ರ ಎಣಿಕೆ ನಿಲ್ಲಿಸುತ್ತದೆ. ಜೋಗುಳದ ಕೊನೆಗೆ ಎಳೆದು ಬಿಡುವ ‘ಲಾಲಿ’ಗೆ, ಅಜ್ಜಿ ಪ್ರತಿ ಸಲವೂ ಬೇರೆ ಬೇರೆ ರೀತಿ ತೂಗುವ ಆ ಎರಡು ಅಕ್ಷರಗಳಿಗೆ, ಎಫ್ ಹಾಕಿ ಬಿಟ್ಟರಾಯಿತು.