ಬಾಕಿಯೂ ಅಪರಾಧವೂ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿತ ಮಹಿಳೆಯೊಬ್ಬರು ಹತ್ತು ವರ್ಷ ನೌಕರಿ ಮಾಡಿ, 2024ರಲ್ಲಿ ಮನೆಯಲ್ಲಿಯೇ ಕಟ್ಟಡಗಳ ನಕ್ಷೆ ತಯಾರಿಸುವ ಸ್ವಂತ ವೃತ್ತಿಗೆ ಇಳಿದರು. ನೌಕರಿಯಲ್ಲಿದ್ದಾಗ ತಿಂಗಳ ಸಂಬಳದಿಂದಲೇ ತೆರಿಗೆ ಕಡಿತವಾಗುತ್ತಿತ್ತು. ಇನ್ನು ಆ ಹೊಣೆ ಅವರದೇ. ಜೂನ್ ತಿಂಗಳಲ್ಲಿ ಶಾಲೆ ತೆರೆಯಿತು. ಇಬ್ಬರು ಮಕ್ಕಳ ಪುಸ್ತಕ, ಕೊಡೆ, ಬಸ್ಸಿನ ಖರ್ಚಿನ ನಡುವೆಯೇ ಮುಂಗಡ ತೆರಿಗೆಯ ಮೊದಲ ಗಡುವೂ ಬಂದಿತು.

ಕಟ್ಟದಿದ್ದರೆ ಜೈಲಾದೀತೆಂದು ಮಾವ ಹೆದರಿಸಿದರು. ಮಾರ್ಚಿನಲ್ಲಿ ನೋಡಿಕೊಂಡರಾಯಿತೆಂದು ಭಾವ ನಕ್ಕರು. ಎರಡೂ ಪೂರ್ತಿ ಸರಿಯಲ್ಲ.

ಮೂಲದಲ್ಲಿ ಕಡಿತವಾದುದನ್ನು ಕಳೆದು ವರ್ಷದ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚಾದರೆ ಅದನ್ನು ಮುಂಗಡವಾಗಿ ಕಟ್ಟಬೇಕೆಂಬುದು ಕಾನೂನಿನ ವಿಧಿ. ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ. 45, ಡಿಸೆಂಬರ್ 15ಕ್ಕೆ ಶೇ. 75, ಮಾರ್ಚ್ 15ಕ್ಕೆ ಪೂರ್ತಿ. ವರಮಾನದ ಕನಿಷ್ಠ ಅರ್ಧವನ್ನು ಲಾಭವೆಂದು ತೋರಿಸುವ ಸರಳ ಪದ್ಧತಿಯನ್ನು ಆಯ್ದ ವೃತ್ತಿನಿರತರಿಗೆ ಮಾರ್ಚ್ 15 ಒಂದೇ ಗಡುವು. ವ್ಯಾಪಾರ, ವೃತ್ತಿಯ ಆದಾಯವಿಲ್ಲದ 60 ದಾಟಿದ ಹಿರಿಯರಿಗೆ ಈ ಹೊಣೆಯೇ ಇಲ್ಲ.

ಕಂತು ತಪ್ಪಿದರೆ ಪೊಲೀಸರು ಬರುವುದಿಲ್ಲ, ಬಡ್ಡಿ ಬರುತ್ತದೆ. ಈ ಮಹಿಳೆಯ ಅಂದಾಜು ತೆರಿಗೆ 60,000 ರೂಪಾಯಿ. ಜೂನ್ ಕಂತು 9,000. ಅವರಿಂದಾದದ್ದು 5,000. ಉಳಿದ 4,000ಕ್ಕೆ ತಿಂಗಳಿಗೆ ಶೇ. 1ರಂತೆ ಮೂರು ತಿಂಗಳ ಬಡ್ಡಿ 120 ರೂಪಾಯಿ. ನಿದ್ದೆಗೆಡಿಸಿದ ಭಯದ ಬೆಲೆ ಇಷ್ಟೇ ಆಗಿತ್ತು.

ಆದರೆ ಭಾವನ ಮಾತಿನಂತೆ ವರ್ಷವಿಡೀ ಏನನ್ನೂ ಕಟ್ಟದಿದ್ದರೆ ನಾಲ್ಕು ಕಂತುಗಳ ಬಡ್ಡಿಯೇ 3,030 ರೂಪಾಯಿ. ಏಪ್ರಿಲ್ ಒಂದರಿಂದ ತೆರಿಗೆ ತೀರುವವರೆಗೆ ತಿಂಗಳಿಗೆ 600 ಬೇರೆ.

ಕನ್ನಡದಲ್ಲಿ ಲೋಪಕ್ಕೂ ಅಪರಾಧಕ್ಕೂ ಬೇರೆ ಬೇರೆ ಪದಗಳಿವೆ. ಕಾನೂನೂ ಅವೆರಡನ್ನು ಬೇರೆಯಾಗಿಯೇ ಕಾಣುತ್ತದೆ. ಗಡುವಿಗೆ ಕಟ್ಟಲಾಗದುದು ಲೋಪ. ಬಡ್ಡಿಯೊಡನೆ ತೀರಿಸಬಹುದಾದ ಬಾಕಿ. ಆದಾಯವನ್ನು ಮರೆಮಾಚುವುದು, ಉದ್ದೇಶಪೂರ್ವಕವಾಗಿ ತೆರಿಗೆ ತಪ್ಪಿಸುವುದು ಅಪರಾಧ. ಅದಕ್ಕೆ ಸೆರೆವಾಸವೂ ಉಂಟು. ಈ ಭೇದ ತಿಳಿಯದವರು ಕೆಲವೊಮ್ಮೆ ಭಯದಿಂದಲೇ ಲೆಕ್ಕ ಮುಚ್ಚಿಡಲು ಹೊರಡುತ್ತಾರೆ. ಲೋಪವನ್ನು ಅಪರಾಧವಾಗಿಸುವ ದಾರಿ ಅದೇ. ಕೈಲಾದಷ್ಟನ್ನು ಕಟ್ಟಿ, ಬಾಕಿಯನ್ನು ಬರೆದಿಟ್ಟು, ಮುಂದಿನ ಪ್ರತಿಯೊಂದು ಸಂಭಾವನೆಯಿಂದಲೂ ಒಂದು ಪಾಲನ್ನು ತೆಗೆದಿಡುವವರು ಯಾವ ನೋಟಿಸಿಗೂ ನಡುಗಬೇಕಾಗಿಲ್ಲ.